ಭೇದಿಯಾದ ಮಗುವಿಗೆ ಶಾಲೆಯಲ್ಲಿ ಓಆರ್‌ಎಸ್ ಕುಡಿಸುವ ಕುರಿತು ಪೋಷಕರಿಗೆ ಪತ್ರ

ಎಲ್‌ಕೆಜಿ, ಯುಕೆಜಿ ಮತ್ತು ಒಂದನೇ ತರಗತಿ ಮಕ್ಕಳ ತಂದೆ-ತಾಯಂದಿರಿಗೆ, ಮನೆಯ ಆಯಿ-ಮುತ್ಯಾಗಳಿಗೆ ನಮಸ್ಕಾರಗಳು.

ಕಾರಹುಣ್ಣಿಮೆ ಮುಗಿದ ವಾರ ನಮ್ಮ ಯುಕೆಜಿಯ ಒಂದು ಮಗುವಿಗೆ ಮಧ್ಯಾಹ್ನದೊಳಗೆ ಮೂರು ಸಲ ಭೇದಿಯಾಯಿತು. ತರಗತಿಯ ಅಕ್ಕೋರು (ಶಿಕ್ಷಕಿ) ಓಆರ್‌ಎಸ್, ಅಂದರೆ ಉಪ್ಪು-ಸಕ್ಕರೆಯ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿದರು. ಸಂಜೆ ಮನೆಯವರು ಬಂದು, "ಮೊದಲೇ ಹೊಟ್ಟಿ ಹರೀಲಿಕ್ಕತ್ತದ, ಮ್ಯಾಲ ನೀರು ಕುಡಿಸಿ ಇನ್ನಷ್ಟು ಮಾಡಿದ್ರಿ" ಎಂದರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೂ ಇದೇ ಮಾತು ಬಂತು. ಕೇಳಿದವರು ನಾಲ್ಕು ಜನ, ಕೇಳದೆ ಮನಸ್ಸಿನಲ್ಲಿಟ್ಟುಕೊಂಡವರು ಇನ್ನೂ ಇರಬಹುದು ಎಂದು ಎಲ್ಲರಿಗೂ ಬರೆಯುತ್ತಿದ್ದೇನೆ.

ಮೊದಲು ನಮ್ಮ ತಪ್ಪು. ಎರಡನೇ ಸಲ ಆದಾಗಲೇ ಮನೆಗೆ ಯಾರನ್ನಾದರೂ ಕಳಿಸಬೇಕಿತ್ತು. ಫೋನ್ ಹತ್ತಲಿಲ್ಲವೆಂದು ಊಟದ ಬಿಡುವಿನವರೆಗೆ ಕಾದೆವು. ಇನ್ನು ಮೇಲೆ ಹಾಗಾಗುವುದಿಲ್ಲ.

ಆದರೆ ಓಆರ್‌ಎಸ್ ಕೊಟ್ಟದ್ದು ತಪ್ಪಲ್ಲ. ಅಂದು ನಾನೂ ಅಲ್ಲೇ ಇದ್ದೆ. ಮಗು ಅಳುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿರಲಿಲ್ಲ. ನಾಲಿಗೆ ಒಣಗಿತ್ತು. ಲೋಟ ಹಿಡಿದರೆ ಗಟಗಟ ಕುಡಿದು ಅಷ್ಟೂ ವಾಂತಿ ಮಾಡಿತು. ಅಕ್ಕೋರು ಹತ್ತು ನಿಮಿಷ ಸುಮ್ಮನಿದ್ದು, ತೊಡೆಯ ಮೇಲೆ ಕೂರಿಸಿಕೊಂಡು ಒಂದು ಚಮಚ, ಎರಡು ನಿಮಿಷ ಬಿಟ್ಟು ಇನ್ನೊಂದು ಚಮಚ, ಹೀಗೆ ತಾಸುಗಟ್ಟಲೆ ಕುಡಿಸಿದರು. ಎರಡು ಗಂಟೆ ಸುಮಾರಿಗೆ ಮಗು ಉಚ್ಚೆ ಹೊಯ್ದಿತು. ಆಗ ನಮಗೆ ಜೀವ ಬಂದಂತಾಯಿತು.

ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ ಎಂಬ ಮಾತು ನನಗೆ ಹೊಸದಲ್ಲ, ನನ್ನ ಅವ್ವನೂ ಹೇಳುತ್ತಿದ್ದಳು. ಕಣ್ಣಿಗೆ ಕಾಣುವುದೂ ಹಾಗೆಯೇ: ಮಗು ಕುಡಿಯುತ್ತದೆ, ಮತ್ತೆ ಹೋಗುತ್ತದೆ. ಆದರೆ ಹೋಗುತ್ತಿರುವುದು ಈಗ ಕುಡಿದದ್ದಷ್ಟೇ ಅಲ್ಲ, ಮೈಯೊಳಗಿನ ನೀರು ಮತ್ತು ಉಪ್ಪು. ತೂತುಬಿದ್ದ ಕೊಡಕ್ಕೆ ನೀರು ಹಾಕುವುದನ್ನು ಬಿಟ್ಟರೆ ಸೋರುವುದೂ ನಿಲ್ಲುತ್ತದೆ, ನಿಜ. ಅಷ್ಟರಲ್ಲಿ ಕೊಡ ಬರಿದಾಗಿರುತ್ತದೆ.

ಓಆರ್‌ಎಸ್ ಭೇದಿ ನಿಲ್ಲಿಸುವ ಔಷಧವಲ್ಲ. ಇದನ್ನು ನಾವು ಮೊದಲೇ ಬಿಡಿಸಿ ಹೇಳಬೇಕಿತ್ತು. ಕುಡಿಸಿದ ಮೇಲೂ ಎರಡು-ಮೂರು ದಿನ ಭೇದಿ ಇರಬಹುದು. ಹೋದ ನೀರನ್ನು ತಿರುಗಿ ತುಂಬುವುದಷ್ಟೇ ಅದರ ಕೆಲಸ, ಕೂಸಿನ ಜೀವ ಉಳಿಸುವುದೂ ಅದೇ. ಭೇದಿಯಾಗುವಾಗಲೂ ಉಪ್ಪು ಮತ್ತು ಸಕ್ಕರೆ ಜೊತೆಯಾಗಿದ್ದರೆ ಕರುಳು ಎರಡನ್ನೂ ಹೀರಿಕೊಳ್ಳುತ್ತದೆ, ನೀರು ಅವುಗಳ ಹಿಂದೆಯೇ ಒಳಗೆ ಹೋಗುತ್ತದೆ. 1971ರಲ್ಲಿ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ ಸಲೈನ್ ಬಾಟಲಿಗಳು ಸಾಲದಾದಾಗ ಡಾ. ದಿಲೀಪ್ ಮಹಲನಬಿಸ್ ಇದೇ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು ಮನೆಯವರ ಕೈಯಿಂದಲೇ ಕುಡಿಸಿದರು. ನೂರರಲ್ಲಿ ಸುಮಾರು 30 ಇದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಬಂದದ್ದು ಈ ಕೆಲಸಕ್ಕೇ.

ಮನೆಯಲ್ಲಿ ಕಲಸುವಾಗ ಮಾತ್ರ ಅಳತೆ ತಪ್ಪಬಾರದು. ದವಾಖಾನೆಯ ದೊಡ್ಡ ಪೊಟ್ಟಣಕ್ಕೆ ಕುದಿಸಿ ಆರಿಸಿದ ಪೂರ್ತಿ ಒಂದು ಲೀಟರ್ ನೀರು. ಅಂದಾಜಿನಲ್ಲಿ ಸ್ವಲ್ಪ ಪುಡಿ ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಕೆಡುಕಾಗುತ್ತದೆ. ಕಲಸಿದ್ದನ್ನು 24 ತಾಸಿನ ಮೇಲೆ ಚೆಲ್ಲಿಬಿಡಿ. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನವರಿಗೆ ಕಾಲು ಲೋಟದಿಂದ ಅರ್ಧ ಲೋಟ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಅರ್ಧದಿಂದ ಒಂದು ಲೋಟ. ಅಂಗಡಿಯ ಸಿಹಿ ಜ್ಯೂಸ್ ಡಬ್ಬಿ ಇದರ ಬದಲಿಗೆ ನಡೆಯುವುದಿಲ್ಲ. ಊಟವನ್ನೂ ನಿಲ್ಲಿಸಬೇಡಿ, ಗಂಜಿ, ಮೆತ್ತಗಿನ ಅನ್ನ-ಬೇಳೆ, ಮಜ್ಜಿಗೆ ಕೊಡಿ. ಹಾಲುಗೂಸಿದ್ದರೆ ಎದೆಹಾಲನ್ನು ಇನ್ನೂ ಹೆಚ್ಚು ಸಲ ಕುಡಿಸಿ. ಜೊತೆಗೆ ಡಾಕ್ಟರೋ ಆಶಾ ಅಕ್ಕನೋ ಕೊಡುವ ಝಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಮುಗಿಸಬೇಕು.

ಮಗು ಮಂಕಾಗಿ ಮಲಗಿದರೆ, ಕಣ್ಣು ಒಳಸೇರಿದರೆ, ಕುಡಿಯಲಾರದಾದರೆ, ಉಚ್ಚೆ ನಿಂತರೆ, ಭೇದಿಯಲ್ಲಿ ರಕ್ತ ಕಂಡರೆ, ಹಲ್ಲು ಬರುವ ಭೇದಿಯೆಂದೋ ದೃಷ್ಟಿಯೆಂದೋ ಕಾಯದೆ ತಕ್ಷಣ ದವಾಖಾನೆಗೆ ಒಯ್ಯಿರಿ.

ಕಾಗಿಣಾ ಹೊಳೆಗೆ ಹೊಸ ನೀರು ಬಂದಿದೆ, ಇದು ಭೇದಿಯ ಕಾಲ. ಶಾಲೆಯ ಟ್ಯಾಂಕ್ ತೊಳೆಸಿದ್ದೇವೆ, ಸಂಡಾಸಿನ ಹತ್ತಿರ ಮತ್ತು ಊಟದ ಜಾಗದಲ್ಲಿ ಸಾಬೂನು ಇಟ್ಟಿದ್ದೇವೆ.

ಮಾತ್ರೆಯನ್ನಾಗಲಿ ಔಷಧವನ್ನಾಗಲಿ ನಾವು ಯಾವ ಮಗುವಿಗೂ ಕೊಡುವುದಿಲ್ಲ, ಅದು ಡಾಕ್ಟರ ಕೆಲಸ. ಓಆರ್‌ಎಸ್ ಮಾತ್ರ ಕೊಡುತ್ತೇವೆ, ಮುಂದೆಯೂ ಕೊಡುತ್ತೇವೆ. ನೀವು ಬರುವವರೆಗೆ ಮಗುವನ್ನು ಬಾಯಾರಿಸಿಕೊಂಡು ಕೂರಿಸಲು ನಮ್ಮ ಮನಸ್ಸು ಒಪ್ಪುವುದಿಲ್ಲ. ನಿಮ್ಮ ಸಿಟ್ಟು ಮಗುವಿನ ಮೇಲಿನ ಜೀವದಿಂದ ಬಂದದ್ದೆಂದು ಗೊತ್ತು. ಆ ಮಗು ಸೋಮವಾರದಿಂದ ಮತ್ತೆ ಶಾಲೆಗೆ ಬರುತ್ತಿದೆ, ಅದರ ಆಯಿಯೇ ಕೈಹಿಡಿದು ಬಿಟ್ಟು ಹೋಗುತ್ತಾರೆ. ಇನ್ನೂ ಅನುಮಾನವಿದ್ದವರು ಶನಿವಾರ ಶಾಲೆ ಬಿಟ್ಟ ಮೇಲೆ ಬನ್ನಿ, ಆಶಾ ಅಕ್ಕ ನಿಮ್ಮೆದುರಿಗೇ ಕಲಸಿ ತೋರಿಸುತ್ತಾರೆ.

ಈ ಪತ್ರದ ಜೊತೆಗಿರುವ ಚೀಟಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಿ, ಹೊಲದಲ್ಲಿದ್ದಾಗಲೂ ಹತ್ತುವ ಒಂದು ಮೊಬೈಲ್ ನಂಬರ್ ಬರೆದು ಮಗುವಿನ ಕೈಯಲ್ಲಿ ಕಳಿಸಿಕೊಡಿ.

ತಮ್ಮ ವಿಶ್ವಾಸಿ,
ಮುಖ್ಯಗುರುಗಳು
ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ