ನಾಲ್ಕು ತಿಂಗಳ ಕೊರತೆ

ಧಾರವಾಡ

ಚಿ. ಸೌ. ನಂದಿನಿಗೆ ನಿನ್ನ ಸೋದರತ್ತೆಯ ಅನೇಕ ಆಶೀರ್ವಾದಗಳು.

ನಿನ್ನ ಪತ್ರ ಬಂದು ಎಂಟು ದಿನಗಳಾದವು. ಮನೆಯ ಸುದ್ದಿಯನ್ನು ನಿನ್ನ ತಾಯಿ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಿನ್ನ ಪತ್ರದ ಬಹುಭಾಗ ಸಂತೋಷದ್ದೇ ಆಗಿತ್ತು. ಆದರೆ ಕೊನೆಯ ಪುಟದಲ್ಲಿ ಒಮ್ಮೆ ಬರೆದು, ಹೊಡೆದುಹಾಕಿ, ಮತ್ತೆ ಅದನ್ನೇ ಬರೆದ ಒಂದು ಸಾಲು ನನ್ನ ನಿದ್ದೆ ಕೆಡಿಸಿತು. "ನಮ್ಮ ಲೆಕ್ಕದಲ್ಲಿ ನಾಲ್ಕು ತಿಂಗಳು ಕಡಿಮೆ ಬೀಳುತ್ತದೆ ಅತ್ತೆ, ಈ ಮಗು ಯಾವ ದೇಶದ್ದೂ ಅಲ್ಲದೆ ಹುಟ್ಟುತ್ತದೆಯೇ?" ಎಂದು ನೀನು ಕೇಳಿದ್ದೀಯ. ಮಗುವಿಗೆ ಐರ್ಲೆಂಡಿನ ಪೌರತ್ವ ಸಿಗಲು ಅಲ್ಲಿ ನಿಮ್ಮ ಮೂರು ವರ್ಷದ ವಾಸ ಬೇಕು, ಹೆರಿಗೆಯ ವೇಳೆಗೆ ಅದಕ್ಕೆ ನಾಲ್ಕು ತಿಂಗಳು ಸಾಲದು ಎಂಬುದು ನಿನ್ನ ಲೆಕ್ಕ. ಆ ಸಾಲಿಗಾಗಿಯೇ ಈ ಪತ್ರ.

ಮೊದಲು ಉತ್ತರ ಹೇಳಿಬಿಡುತ್ತೇನೆ, ಆಮೇಲೆ ನನ್ನ ಮಾತು ಎತ್ತೆತ್ತ ಹೋದರೂ ನಿನಗೆ ಕಳವಳವಾಗಬಾರದು. ಐರ್ಲೆಂಡಿನಲ್ಲಿ ಹುಟ್ಟಿದ ಮಗುವಿಗೆ ಬೇರೆ ಯಾವ ದೇಶದ ಪೌರತ್ವಕ್ಕೂ ಹಕ್ಕಿಲ್ಲದಿದ್ದರೆ ಅದು ಹುಟ್ಟಿನಿಂದಲೇ ಐರ್ಲೆಂಡಿನ ಪ್ರಜೆ ಎಂದು ಅಲ್ಲಿಯ 1956ರ ಪೌರತ್ವ ಕಾಯ್ದೆಯ 6ನೆಯ ಕಲಮಿನಲ್ಲಿಯೇ ಬರೆದಿದೆ. ನಿನ್ನ ಮಗುವಿಗೆ ಅದರ ಅಗತ್ಯವೂ ಬೀಳದು. ತಂದೆ ತಾಯಿ ಇಬ್ಬರೂ ಭಾರತದ ಪ್ರಜೆಗಳು; ಹುಟ್ಟಿದ ಒಂದು ವರ್ಷದೊಳಗೆ ಡಬ್ಲಿನ್ನಿನ ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಾಯಿಸಿದರೆ ಮಗು ವಂಶದ ಮೂಲಕ ಭಾರತದ ಪ್ರಜೆಯಾಗುತ್ತದೆ. ಯಾವ ದೇಶದ್ದೂ ಅಲ್ಲದ ಕೂಸು ಎಂಬ ಸ್ಥಿತಿ ಅದಕ್ಕೆ ಬರುವುದಿಲ್ಲ.

ಆದರೂ ಇಷ್ಟು ಓದಿದ ಮಾತ್ರಕ್ಕೆ ನಿನ್ನ ಭಯ ಹೋಗಲಾರದು ಎಂದು ನನಗೆ ಗೊತ್ತು. ಕಲಮುಗಳನ್ನು ಹೇಳಿ ಹೆಂಗಸರನ್ನು ಸಮಾಧಾನಪಡಿಸುವ ಕೆಲಸವನ್ನು ನಾನು ಬಹಳ ವರ್ಷ ಮಾಡಿದ್ದೇನೆ, ಅದು ಎಷ್ಟು ದೂರ ಸಾಗುತ್ತದೆ ಎಂಬುದನ್ನೂ ಕಂಡಿದ್ದೇನೆ.

ನಾನು ಸಂಜೆಯ ಕಾನೂನು ತರಗತಿಗಳಲ್ಲಿ ಸಂವಿಧಾನ ಪಾಠ ಮಾಡುತ್ತಿದ್ದಾಗ ಐರ್ಲೆಂಡ್ ಎಂಬುದು ನನಗೆ ಒಂದು ಸಾಲಿನ ಉತ್ತರವಾಗಿತ್ತು: ನಮ್ಮ ಸಂವಿಧಾನದ ರಾಜ್ಯ ನೀತಿಯ ನಿರ್ದೇಶಕ ತತ್ತ್ವಗಳನ್ನು ಅಲ್ಲಿಯ 1937ರ ಸಂವಿಧಾನದ 45ನೆಯ ವಿಧಿಯಿಂದ ಪಡೆಯಲಾಗಿದೆ, ಅವನ್ನು ನ್ಯಾಯಾಲಯದಲ್ಲಿ ಜಾರಿ ಮಾಡಿಸುವಂತಿಲ್ಲ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ನಮ್ಮ ಕರಾವಳಿಯ ಬೆನಗಲ್ ನರಸಿಂಗ ರಾಯರು 1947ರ ಕೊನೆಯಲ್ಲಿ ಅಮೆರಿಕ, ಕೆನಡಾ, ಬ್ರಿಟನ್ನುಗಳ ಜೊತೆಗೆ ಐರ್ಲೆಂಡಿಗೂ ಹೋಗಿ ಅಲ್ಲಿಯ ಪ್ರಧಾನಿ ಡಿ ವಲೇರಾ ಅವರನ್ನು ಕಂಡು ಬಂದಿದ್ದರು ಎಂದು ಒಂದು ಮಾತು ಸೇರಿಸುತ್ತಿದ್ದೆ, ಅಷ್ಟೇ. ಆ ದೇಶದ ಒಂದು ತೀರ್ಪನ್ನೂ ನಾನು ಪೂರ್ತಿ ಓದಿರಲಿಲ್ಲ. ನೀನು ಅಲ್ಲಿಗೆ ಓದಲು ಹೋದ ಮೇಲೆ, ಕಣ್ಣು ಮಂಜಾಗುತ್ತಿರುವ ಈ ವಯಸ್ಸಿನಲ್ಲಿ, ಅವನ್ನು ಒಂದೊಂದಾಗಿ ಓದತೊಡಗಿದೆ. ನಿನ್ನ ಭಯ ಎಲ್ಲಿಂದ ಬಂತು ಎಂಬುದನ್ನು ಅವುಗಳಿಂದಲೇ ತಿಳಿದುಕೊಂಡೆ.

ಹಿಂದೆ ಹಾಗಿರಲಿಲ್ಲ, ನಂದಿನಿ. ಆ ದ್ವೀಪದ ಮಣ್ಣಿನಲ್ಲಿ ಹುಟ್ಟಿದ ಮಗು ಅಲ್ಲಿಯದೇ ಎಂಬ ನಿಯಮವಿತ್ತು. ಉತ್ತರ ಐರ್ಲೆಂಡಿನ 1998ರ ಶಾಂತಿ ಒಪ್ಪಂದದ ನಂತರ ಅದನ್ನು ಜನ್ಮಸಿದ್ಧ ಹಕ್ಕೆಂದು ಸಂವಿಧಾನದ 2ನೆಯ ವಿಧಿಯಲ್ಲಿಯೇ ಬರೆದರು. ಅದಕ್ಕೂ ಮೊದಲೇ, ನೈಜೀರಿಯಾದ ತಂದೆ, ಮೊರೊಕ್ಕೊದ ತಾಯಿ, ಅಲ್ಲಿ ಹುಟ್ಟಿದ ಮಕ್ಕಳು ಇದ್ದ ಫಜುಜೋನು ಪ್ರಕರಣದಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ಪ್ರಜೆಯಾದ ಮಗುವಿಗೆ ತನ್ನ ದೇಶದಲ್ಲಿಯೇ ತಂದೆ ತಾಯಿಯರ ಸಂಗಡ ಬೆಳೆಯುವ ಹಕ್ಕಿದೆ, ಗಂಭೀರವಾದ ಕಾರಣವಿಲ್ಲದೆ ಆ ತಂದೆ ತಾಯಿಯರನ್ನು ಹೊರಗೆ ಕಳುಹಿಸುವಂತಿಲ್ಲ ಎಂದು ಹೇಳಿತ್ತು. 2003ರ ಜನವರಿಯಲ್ಲಿ ಅದೇ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳಲ್ಲಿ ಐವರು, ಮಗು ಪ್ರಜೆಯಾಗಿದ್ದರೂ ತಂದೆ ತಾಯಿಯರನ್ನು ಗಡೀಪಾರು ಮಾಡಬಹುದು ಎಂದರು. ಒಪ್ಪದ ಇಬ್ಬರಲ್ಲಿ ಕ್ಯಾಥರೀನ್ ಮೆಕ್‌ಗಿನೆಸ್ ಒಬ್ಬರು. ಅವರು ಬರೆದದ್ದನ್ನು ನಾನು ಎರಡು ಸಲ ಓದಿದೆ.

ಮರುವರ್ಷ, 2004ರ ಜೂನ್ 11ರಂದು, ಜನರ ಮುಂದೆಯೇ ಆ ಪ್ರಶ್ನೆಯನ್ನು ಇಟ್ಟರು. ಹೊರದೇಶದ ಬಸುರಿಯರು ದಿನ ತುಂಬಿದ ಮೇಲೆ ಬಂದು ಮಗುವಿನ ಪೌರತ್ವಕ್ಕಾಗಿ ಅಲ್ಲಿ ಹೆರುತ್ತಾರೆ ಎಂಬ ಮಾತು ಆಗ ಎಲ್ಲೆಡೆ ಹರಡಿತ್ತು. ಮತ ಹಾಕಿದವರಲ್ಲಿ ಶೇಕಡಾ 79ರಷ್ಟು ಜನ, ಹುಟ್ಟಿದ ನೆಲದಿಂದಲೇ ಪೌರತ್ವ ಬರುವ ಹಕ್ಕನ್ನು ಕಿರಿದುಮಾಡುವ ಸಂವಿಧಾನದ ತಿದ್ದುಪಡಿಯನ್ನು ಒಪ್ಪಿದರು. 2005ರ ಜನವರಿ 1ರಿಂದ ಹುಟ್ಟುವ ಮಗುವಿಗೆ ಹೊಸ ಲೆಕ್ಕ ಬಂತು: ತಂದೆ ತಾಯಿಯರಲ್ಲಿ ಒಬ್ಬರೂ ಐರಿಶ್ ಅಥವಾ ಬ್ರಿಟಿಷ್ ಪ್ರಜೆಯಲ್ಲದಿದ್ದರೆ, ಅವರಲ್ಲೊಬ್ಬರು ಹೆರಿಗೆಯ ಹಿಂದಿನ ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಅಲ್ಲಿ ಕಾನೂನುಬದ್ಧವಾಗಿ ವಾಸವಾಗಿರಬೇಕು, ಮತ್ತು ಓದಿನ ವೀಸಾದಲ್ಲಿ ಇದ್ದ ಕಾಲವನ್ನು ಆ ಮೂರು ವರ್ಷಗಳಲ್ಲಿ ಹಿಡಿಯುವಂತಿಲ್ಲ. ನಿನ್ನ ನಾಲ್ಕು ತಿಂಗಳು ಹುಟ್ಟಿದ್ದು ಅಲ್ಲಿ. ನೀನು ಗ್ರಂಥಾಲಯದಲ್ಲಿ ಕಣ್ಣುಬಿಟ್ಟುಕೊಂಡು ಕಳೆದ ಆ ವರ್ಷ ಅವರ ಪಾಲಿಗೆ ವಾಸವೇ ಅಲ್ಲ. ಇದನ್ನು ಓದಿದಾಗ ನನಗೆ ಸಿಟ್ಟು ಬಂತು, ಈಗಲೂ ಇದೆ.

ಆ ಸಿಟ್ಟಿನಲ್ಲಿ ಅವರನ್ನಷ್ಟೇ ದೂರಲು ಹೋದರೆ ಅದು ನ್ಯಾಯವಾಗದು. ನಮ್ಮ ದೇಶದಲ್ಲಿಯೂ 1987ರ ಜುಲೈವರೆಗೆ ಈ ನೆಲದಲ್ಲಿ ಹುಟ್ಟಿದ ಮಗು ಈ ನೆಲದ್ದಾಗಿತ್ತು. ಆಮೇಲೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕೆಂದಾಯಿತು. 2004ರ ಡಿಸೆಂಬರ್ 3ರಿಂದ ಇನ್ನೊಬ್ಬರು ಅಕ್ರಮವಾಗಿ ಬಂದವರಾಗಿರಬಾರದೆಂದೂ ಆಯಿತು. ಅವರ ಬಾಗಿಲು ಕಿರಿದಾಗುವ ನಾಲ್ಕು ವಾರಗಳ ಮೊದಲು ನಮ್ಮದು ಕಿರಿದಾಗಿತ್ತು. ಆಗ ನಾನು ಅದನ್ನು ಪಾಠದ ಟಿಪ್ಪಣಿಯಲ್ಲಿ ತಿದ್ದಿಕೊಂಡೆನೇ ಹೊರತು ಅದರ ಹಿಂದೆ ಒಂದು ಮಗುವಿನ ಮುಖವನ್ನು ನೆನೆಯಲಿಲ್ಲ.

ನೆನೆಯಬೇಕಾದ ಮುಖ ನನಗೆ ಗೊತ್ತಿದ್ದರೂ ನೆನೆಯಲಿಲ್ಲ. ಇದನ್ನು ನಿನ್ನ ಅಪ್ಪನಿಗೂ ನಾನು ಹೇಳಿಲ್ಲ. ವಕೀಲಿ ಆರಂಭಿಸಿದ ಹೊಸದರಲ್ಲಿ, ತೆಲುಗು ಸೀಮೆಯ ಪಾಲಮೂರಿನ ಕಡೆಯಿಂದ ರಸ್ತೆ ಕೆಲಸಕ್ಕೆ ಬಂದಿದ್ದ ಒಬ್ಬ ಹೆಂಗಸು ಏಳು ವರ್ಷದ ಮಗನ ಕೈಹಿಡಿದುಕೊಂಡು ನನ್ನಲ್ಲಿಗೆ ಬಂದಳು. ರಸ್ತೆಯ ಬದಿಯ ಗುಡಾರದಲ್ಲಿ ಹುಟ್ಟಿದ ಹುಡುಗ, ಎಲ್ಲಿಯೂ ದಾಖಲಾಗಿರಲಿಲ್ಲ. ಶಾಲೆಯವರು ಜನನ ಪ್ರಮಾಣಪತ್ರ ಕೇಳಿದ್ದರು. ಒಂದು ವರ್ಷ ದಾಟಿದ ಜನನವನ್ನು ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ನಾನು ಅರ್ಜಿ ಬರೆದೆ, ಆದರೆ ಅದರ ಜೊತೆಗಿನ ಅಫಿಡವಿಟ್ಟಿನಲ್ಲಿ ಬರೆದ ಅವಳ ಹೆಸರನ್ನು ರೇಷನ್ ಕಾರ್ಡಿನ ಹೆಸರಿನ ಜೊತೆ ತಾಳೆ ನೋಡಲಿಲ್ಲ. ಎರಡೂ ಬೇರೆ ಬೇರೆಯಾಗಿದ್ದವು; ಆಕ್ಷೇಪಣೆಯೊಂದಿಗೆ ಅರ್ಜಿ ಹಿಂತಿರುಗಿ ಬಂತು. ಅವಳು ನನ್ನನ್ನು ಕೇಳಿದಳು: "ಅಮ್ಮಾ, ಅವನು ಹುಟ್ಟಿದ್ದನ್ನು ನಾನು ಕಂಡಿದ್ದೇನೆ, ಅದು ಸಾಲದೇ?" ನಾನು ಕಲಮನ್ನು ಹೇಳಿ, ಮುಂದಿನ ತಿಂಗಳು ಬಾ ಎಂದೆ. ಮುಂದಿನ ತಿಂಗಳಿಗೆ ರಸ್ತೆ ಮುಗಿದು ಗುಡಾರಗಳು ಎದ್ದುಹೋಗಿದ್ದವು. ಅರ್ಧ ದಿನ ಕುಳಿತು ಸರಿಪಡಿಸಬಹುದಾಗಿದ್ದ ಕೆಲಸವಾಗಿತ್ತು ಅದು. ನಿನ್ನ ಸಾಲನ್ನು ಓದಿದ ರಾತ್ರಿ ನನಗೆ ಕೇಳಿಸಿದ್ದು ಅವಳ ದನಿ.

ನಿನ್ನ ಮಗುವಿನ ಸ್ಥಿತಿ ಹಾಗಲ್ಲ. ಹಾಗಲ್ಲವೆಂದು ನನಗೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದೇನೆ.

ಅಲ್ಲಿಯ ನ್ಯಾಯಾಲಯಗಳ ಈಚಿನ ನಡೆಯನ್ನು ನೋಡಿದರೆ ನನಗೆ ಸ್ವಲ್ಪ ಧೈರ್ಯ ಬರುತ್ತದೆ. 2022ರ ಜೂನ್ ತಿಂಗಳ ಒಂದು ತೀರ್ಪಿದೆ. ನಿರಾಶ್ರಿತನೆಂದು ಒಪ್ಪಿಕೊಳ್ಳಲ್ಪಟ್ಟಿದ್ದ ಒಬ್ಬ ತಂದೆ ಸುಳ್ಳು ಮಾಹಿತಿ ಕೊಟ್ಟಿದ್ದನೆಂದು ಅವನ ಮಾನ್ಯತೆಯನ್ನು ಸರ್ಕಾರ ರದ್ದುಪಡಿಸಿತು. ಅವನ ವಾಸದ ಆಧಾರದಿಂದ ಪ್ರಜೆಯಾಗಿದ್ದ ಮಗನಿಗೆ ಪಾಸ್‌ಪೋರ್ಟ್ ನಿರಾಕರಿಸಿತು. ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಮಗು ಸೋತಿತು. ಸರ್ವೋಚ್ಚ ನ್ಯಾಯಾಲಯವು ಆ ರದ್ದತಿ ಹಿಂದಿನ ಕಾಲಕ್ಕೆ ಅನ್ವಯಿಸದು, ಮಗು ಪ್ರಜೆಯೇ ಎಂದಿತು. ತಂದೆಯ ತಪ್ಪನ್ನು ಮಗುವಿನ ತಲೆಗೆ ಕಟ್ಟಲಿಲ್ಲ ಎಂದು ನಾನು ಅದನ್ನು ಓದಿಕೊಂಡೆ. 2017ರಲ್ಲಿ, ಆಶ್ರಯ ಕೋರಿ ಬಂದು ಎಂಟು ವರ್ಷ ಕಾದ ಬರ್ಮಾದ ಒಬ್ಬರ ಪ್ರಕರಣದಲ್ಲಿ, ಕಾಲಮಿತಿಯೇ ಇಲ್ಲದೆ ದುಡಿಮೆಯನ್ನು ನಿಷೇಧಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿದ್ದೂ ಅದೇ ನ್ಯಾಯಾಲಯ. ಪ್ರಜೆಯಲ್ಲದವರೂ ಮನುಷ್ಯರೆಂಬ ಮಾತು ಆ ತೀರ್ಪಿನ ಅಡಿಗಲ್ಲಾಗಿದೆ.

ಇನ್ನೂ ಹಿಂದಕ್ಕೆ ಹೋದರೆ, ಇಂಗ್ಲಿಷರ ಕಾನೂನು ಪೂರ್ತಿಯಾಗಿ ಬರುವ ಮೊದಲು ಅಲ್ಲಿ ಬ್ರೆಹನ್ ಎಂದು ಕರೆಯುತ್ತಿದ್ದ ನ್ಯಾಯವಿದರ ಕಾನೂನಿತ್ತು. ಅದರಲ್ಲಿ ಪ್ರತಿಯೊಬ್ಬನ ಮಾನಕ್ಕೂ ಒಂದು ಬೆಲೆ. ಅದರ ಹೆಸರಿನ ಅರ್ಥವೇ ಮುಖದ ಬೆಲೆ ಎಂದು. ಕಡಲಾಚೆಯಿಂದ ಬಂದವನನ್ನು ಬೂದುನಾಯಿ ಎನ್ನುತ್ತಿದ್ದರು. ಅವನಿಗೆ ಸ್ವಂತ ಮುಖದ ಬೆಲೆಯಿಲ್ಲ, ಆ ನಾಡಿನ ಹೆಣ್ಣನ್ನು ಮದುವೆಯಾದರೆ ಅವಳದರಲ್ಲಿ ಅರ್ಧ. ಕಟುವಾದ ಮಾತು. ಆದರೆ ಅವನ ಮಕ್ಕಳನ್ನು ಅವರು ಹೊರಗಿಡಲಿಲ್ಲ. ಬೂದು ಬಳಗ ಎಂಬ ಹೆಸರಿನಲ್ಲಿ ತಾಯಿಯ ಬಳಗದೊಳಗೆ ಲೆಕ್ಕ ಹಿಡಿದರು. ಯಾರದೂ ಅಲ್ಲದ ಮಗು ಎಂಬುದನ್ನು ಆ ಹಳೆಯ ಕಾನೂನೂ ಸಹಿಸಲಿಲ್ಲ. ಇದರಿಂದ ನಿನಗೆ ಏನೂ ಉಪಯೋಗವಿಲ್ಲವೆಂದು ಗೊತ್ತಿದ್ದೂ ಬರೆದೆ, ಏಕೆಂದರೆ ಇದನ್ನು ಓದಿದ ದಿನ ನನಗೆ ನಿದ್ದೆ ಬಂತು.

ಇನ್ನೊಂದು ಭಯವನ್ನು ನೀನು ಬರೆದಿಲ್ಲ, ಅದು ನನ್ನದು. ನೀನು ಬಸುರಿ ಎಂದು ತಿಳಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ. 2012ರ ಅಕ್ಟೋಬರ್‌ನಲ್ಲಿ ಗಾಲ್ವೆಯಲ್ಲಿ, ಗರ್ಭ ಉಳಿಯುವುದಿಲ್ಲವೆಂದು ತಿಳಿದ ಮೇಲೂ ಗರ್ಭಪಾತ ಸಿಗದೆ, ನಂಜೇರಿ ಅವಳು ತೀರಿಕೊಂಡಳು. ಅವಳಿಗೆ ಅಡ್ಡಬಂದ, ಗರ್ಭಪಾತವನ್ನು ತಡೆಯುವ ಸಂವಿಧಾನದ ಎಂಟನೆಯ ತಿದ್ದುಪಡಿಯನ್ನು 1983ರಲ್ಲಿ ಶೇಕಡಾ 67ರಷ್ಟು ಜನ ಒಪ್ಪಿದ್ದರು. 2018ರ ಮೇ 25ರಂದು ಶೇಕಡಾ 66ರಷ್ಟು ಜನ ಅದನ್ನು ಕಿತ್ತುಹಾಕಿದರು. ಅಲ್ಲಿ ಸಂವಿಧಾನದ ಒಂದು ಪದ ಬದಲಾಗಬೇಕಾದರೂ ಜನರೇ ಮತ ಹಾಕಬೇಕು. ಬದಲಾಯಿಸಲು ಅವರಿಗೆ 35 ವರ್ಷ ಹಿಡಿಯಿತು, ಒಬ್ಬ ಮಗಳ ಜೀವ ಹೋಯಿತು. 2004ರ ಆ ತಿದ್ದುಪಡಿ ಮಾತ್ರ ಇನ್ನೂ ಹಾಗೆಯೇ ಇದೆ, ಆದರೂ ಅದರ ಕೆಳಗಿನ ನಿಯಮಗಳು ಸ್ವಲ್ಪ ಮೆತ್ತಗಾಗಿವೆ. ಅಲ್ಲಿ ಹುಟ್ಟಿ ಪ್ರಜೆಯಾಗದ ಮಗುವಿಗೆ ಅರ್ಜಿ ಹಾಕಿ ಪೌರತ್ವ ಪಡೆಯಲು ಐದು ವರ್ಷದ ವಾಸ ಬೇಕಿತ್ತು; 2023ರ ಕಾಯ್ದೆಯಿಂದ ಅದು ಮೂರು ವರ್ಷವಾಗಿದೆ. ನಿನ್ನ ನಾಲ್ಕು ತಿಂಗಳ ಕೊರತೆಗೆ ಮೂರು ವರ್ಷ ಕಾಯುವುದು ಅನ್ಯಾಯವೆಂದು ನೀನು ಅನ್ನಬಹುದು, ನಾನು ಇಲ್ಲವೆನ್ನುವುದಿಲ್ಲ.

ಕುಬಸಕ್ಕೆ ಬಂದು ಇಲ್ಲಿಯೇ ಹೆರಿಗೆ ಮಾಡಿಸಿಕೊಳ್ಳಲಿ ಎಂದು ನಿನ್ನ ತಾಯಿ ಪಟ್ಟು ಹಿಡಿದಿದ್ದಾಳಂತೆ. ಚೊಚ್ಚಲ ಬಾಣಂತನದ ವಿಷಯದಲ್ಲಿ ನಾನು ನಡುವೆ ಬರಬಾರದು, ಕ್ಷಮಿಸು. ನಿಮ್ಮ ಸ್ವಂತ ಪೌರತ್ವದ ಅರ್ಜಿಗೆ ಹಿಂದಿನ ಒಂದು ವರ್ಷ ಸತತ ವಾಸ ಬೇಕೆಂಬುದನ್ನಷ್ಟೇ ನೆನಪಿನಲ್ಲಿಡು. ಸತತವೆಂದರೆ ಒಂದು ದಿನವೂ ದೇಶ ಬಿಡಬಾರದು ಎಂದು 2019ರ ಜುಲೈಯಲ್ಲಿ ಅಲ್ಲಿಯ ಹೈಕೋರ್ಟ್ ಹೇಳಿಬಿಟ್ಟಿತ್ತು. ಕಾದು ಕುಳಿತಿದ್ದವರೆಲ್ಲ ಗಾಬರಿಯಾದರು. ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು, ಮತ್ತು ಈಗ ಆ ವರ್ಷದಲ್ಲಿ 70 ದಿನ ಹೊರಗಿರಬಹುದೆಂದು ಕಾಯ್ದೆಯಲ್ಲಿಯೇ ಬರೆದಿದ್ದಾರೆ. ಬಾಣಂತನಕ್ಕೆ 70 ದಿನ ಸಾಲವು. ಅರ್ಜಿಯ ವರ್ಷ ಇನ್ನೂ ದೂರವಿದ್ದರೆ ಈ ಮಾತಿಗೆ ಅರ್ಥವಿಲ್ಲ. ನಾನು ಅಲ್ಲಿಯ ವಕೀಲಳಲ್ಲ. ಟಿಕೆಟ್ ತೆಗೆಯುವ ಮೊದಲು ಅಲ್ಲಿಯವರೊಬ್ಬರನ್ನು ಹಣ ಕೊಟ್ಟಾದರೂ ಕೇಳು.

ಮುಂದೆ ಮಗು ಐರ್ಲೆಂಡಿನ ಪೌರತ್ವ ಪಡೆದರೆ ಭಾರತದ್ದು ಉಳಿಯುವುದಿಲ್ಲ, ನಮ್ಮಲ್ಲಿ ಎರಡನ್ನು ಇಟ್ಟುಕೊಳ್ಳುವಂತಿಲ್ಲ. ಆ ನಿರ್ಧಾರ ಈಗ ಬೇಡ. ಈಗಿನ ಅವಸರ ಬೇರೆ. ಅಲ್ಲಿ ಜನನವನ್ನು ಮೂರು ತಿಂಗಳೊಳಗೆ ನೋಂದಾಯಿಸಬೇಕು. ಅದು ಕೈಗೆ ಬಂದ ಮೇಲೆ ರಾಯಭಾರ ಕಚೇರಿಯ ಕೆಲಸವನ್ನು ಒಂದು ವರ್ಷ ಇದೆಯೆಂದು ಮುಂದೂಡಬೇಡ, ವರ್ಷ ದಾಟಿದರೆ ದೆಹಲಿಯ ಅನುಮತಿಗೆ ಕಾಯಬೇಕಾಗುತ್ತದೆ. ಮತ್ತು ನಿನ್ನ ಪಾಸ್‌ಪೋರ್ಟಿನಲ್ಲಿ ತವರುಮನೆಯ ಅಡ್ಡಹೆಸರು, ಮದುವೆಯ ಪ್ರಮಾಣಪತ್ರದಲ್ಲಿ ಗಂಡನ ಮನೆಯದು ಇದೆಯೆಂದು ನನಗೆ ನೆನಪು. ಅವೆರಡನ್ನೂ ಇಂದೇ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡಿ, ವ್ಯತ್ಯಾಸವಿದ್ದರೆ ನನಗೆ ಬರೆ. ಇಲ್ಲಿಂದ ಆಗಬೇಕಾದ ಅಫಿಡವಿಟ್ಟನ್ನು ನಾನೇ ಕುಳಿತು ಬರೆಸಿ, ಓದಿ ನೋಡಿ ಕಳುಹಿಸುತ್ತೇನೆ.

ಅಳಿಯಂದಿರಿಗೆ ಆಶೀರ್ವಾದಗಳು.

ಇಂತಿ,
ನಿನ್ನ ಅತ್ತೆ