ವಾಹಿನಿಗಳ ಜಗಳ, ಗ್ರಾಹಕನಿಗೆ ದಂಡ

ಮಾನ್ಯ ಸಂಪಾದಕರೇ,

ಡಿಟಿಎಚ್ ಕಂಪನಿಗೂ ವಾಹಿನಿ ಸಮೂಹಕ್ಕೂ ದರದ ವಿಷಯದಲ್ಲಿ ತಕರಾರು ಎದ್ದಾಗಲೆಲ್ಲ ಪರದೆಯಿಂದ ಮಾಯವಾಗುವುದು ನಾವು ಮುಂಗಡ ಹಣ ಕಟ್ಟಿ ಪಡೆದ ವಾಹಿನಿ. ಇಷ್ಟವಿಲ್ಲದವರು ಬೇರೆ ಕಂಪನಿಗೆ ಹೋಗಬಹುದಲ್ಲ ಎಂಬ ಮಾತು ಆಗ ಸಲೀಸಾಗಿ ಕೇಳಿಬರುತ್ತದೆ. ಹಾಗೆ ಹೋಗಿ ನೋಡಿದವರಲ್ಲಿ ನಾನೂ ಒಬ್ಬ.

ತೀರ್ಥಹಳ್ಳಿ ಸಮೀಪದ ನಮ್ಮ ತೋಟದ ಮನೆಗೆ ಕೇಬಲ್ ಬಂದಿಲ್ಲ. ಕೆಲವು ವರ್ಷಗಳ ಹಿಂದೆ ಇಂಥದೇ ಜಗಳದಲ್ಲಿ ಅತ್ತೆಯವರು ದಿನವೂ ನೋಡುತ್ತಿದ್ದ ಧಾರಾವಾಹಿಯ ವಾಹಿನಿ ರಾತ್ರಿ ಬೆಳಗಾಗುವುದರೊಳಗೆ ನಿಂತುಹೋಯಿತು. ಆರು ತಿಂಗಳ ಪ್ಯಾಕ್‌ಗೆ ರೀಚಾರ್ಜ್ ಮಾಡಿ ಇಪ್ಪತ್ತು ದಿನವೂ ಆಗಿರಲಿಲ್ಲ. ಕಂಪನಿ ಬದಲಿಸಿದೆವು. ಹಳೆಯ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಹೊಸ ಕಂಪನಿಯ ಕಾರ್ಡ್ ನಡೆಯದು ಎಂದರು, ಹೊಸ ಬಾಕ್ಸ್ ಕೊಂಡೆವು. ಉಪಗ್ರಹದ ದಿಕ್ಕೇ ಬೇರೆಯಾದ್ದರಿಂದ ಡಿಶ್ ಮನೆಯ ಇನ್ನೊಂದು ಮೂಲೆಗೆ ಹೋಯಿತು, ಅಲ್ಲಿ ಅಡ್ಡ ಬಂದ ಹಲಸಿನ ಕೊಂಬೆಯನ್ನೂ ಕಡಿಸಬೇಕಾಯಿತು. ಎರಡು ವಾರ ಕಳೆಯುವಷ್ಟರಲ್ಲಿ ಅವರಿಬ್ಬರೂ ರಾಜಿಯಾಗಿ, ಆ ವಾಹಿನಿ ಹಳೆಯ ಕಂಪನಿಯಲ್ಲಿ ಮತ್ತೆ ಬರತೊಡಗಿತು. ಉಳಿದ ಹಣ ಕೇಳಿದ್ದಕ್ಕೆ ಸಿಕ್ಕಿದ್ದು ದೂರಿನ ಸಂಖ್ಯೆ ಮಾತ್ರ. ಹಳೆಯ ಬಾಕ್ಸ್ ಈಗಲೂ ಅಟ್ಟದ ಮೇಲಿದೆ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 2018ರ ಅಕ್ಟೋಬರ್‌ನಲ್ಲಿ ಟಾಟಾ ಸ್ಕೈ ಮತ್ತು ಸೋನಿ ನಡುವೆ, 2023ರ ಫೆಬ್ರುವರಿಯಲ್ಲಿ ದೊಡ್ಡ ಪ್ರಸಾರ ಸಂಸ್ಥೆಗಳು ಮತ್ತು ಕೇಬಲ್ ಕಂಪನಿಗಳ ನಡುವೆ ಇದೇ ಆಯಿತು. ಎರಡನೆಯದರಲ್ಲಿ ಸುಮಾರು 4.5 ಕೋಟಿ ಮನೆಗಳಿಗೆ ತೊಂದರೆಯಾಗಿದೆ ಎಂದು ಕೇಬಲ್ ಕಂಪನಿಗಳ ಒಕ್ಕೂಟವೇ ಹೇಳಿತ್ತು.

ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಲ್ಲೇ ದೇಶದಾದ್ಯಂತ ಬಂತು, ಅದಕ್ಕಾಗಿ ಯಾರೂ ಹೊಸ ಫೋನ್ ಕೊಳ್ಳಬೇಕಾಗಲಿಲ್ಲ. ಯಾವ ಕಂಪನಿಯ ಸೇವೆಗಾದರೂ ಒಗ್ಗುವ ಸೆಟ್‌ಟಾಪ್ ಬಾಕ್ಸ್ ಇರಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2020ರ ಏಪ್ರಿಲ್‌ನಲ್ಲಿ ಸರ್ಕಾರಕ್ಕೆ ಶಿಫಾರಸು ಮಾಡಿದ್ದರೂ ಗ್ರಾಹಕ ಇಂದಿಗೂ ತಾನು ಕೊಂಡ ಬಾಕ್ಸ್‌ನ ಕೈದಿಯೇ ಆಗಿದ್ದಾನೆ. ಬಿಟ್ಟು ಹೋಗಲಾರ ಎಂಬ ಧೈರ್ಯವಿರುವುದರಿಂದಲೇ ಎರಡೂ ಕಡೆಯವರು ನಮ್ಮನ್ನು ಮುಂದಿಟ್ಟುಕೊಂಡು ಚೌಕಾಸಿ ಮಾಡುತ್ತಾರೆ ಎಂಬುದು ನನ್ನ ಅನಿಸಿಕೆ.

ಬಾಕ್ಸ್‌ನ ವಿಚಾರ ತಡವಾಗುವುದಾದರೆ ಆಗಲಿ, ಹಣದ ವಿಚಾರಕ್ಕೆ ತಡವೇಕೆ? 2019ರ ಫೆಬ್ರುವರಿಯಲ್ಲಿ ಹೊಸ ದರ ವ್ಯವಸ್ಥೆ ಜಾರಿಯಾದ ಮೇಲೆ ಪ್ರತಿ ಪಾವತಿ ವಾಹಿನಿಗೂ ಗರಿಷ್ಠ ಚಿಲ್ಲರೆ ಬೆಲೆ ಗೊತ್ತಾಗಿದೆ. ಆದ್ದರಿಂದ ವಾಹಿನಿ ನಿಂತ ದಿನಗಳಿಗೆ ಎಷ್ಟು ರೂಪಾಯಿ ಎಂಬುದು ಅಂಗಡಿಯ ಹುಡುಗನೂ ಮಾಡಬಲ್ಲ ಲೆಕ್ಕ. ಆ ಮೊತ್ತ ಅರ್ಜಿ, ದೂರುಗಳಿಲ್ಲದೆ ತಾನಾಗಿ ಗ್ರಾಹಕನ ಖಾತೆಗೆ ಜಮೆಯಾಗಬೇಕು. ಜಗಳದ ಅವಧಿಯಲ್ಲಿ ಕಂಪನಿ ಬಿಡುವವರಿಗೆ ಉಳಿದ ಮುಂಗಡವನ್ನು ಪೂರ್ತಿ ಮರಳಿಸುವಂತೆ ಟ್ರಾಯ್ ಆದೇಶಿಸಬೇಕು. ಪ್ರಸಾರ ನಿಲ್ಲಿಸುವ ಮುನ್ನ ಎದುರು ಪಕ್ಷಕ್ಕೆ ಮೂರು ವಾರಗಳ ಲಿಖಿತ ಸೂಚನೆ ಕೊಡಬೇಕೆಂಬ ನಿಯಮ ಈಗಲೂ ಇದೆ. ಅದೇ ಸೂಚನೆ ಅದೇ ದಿನ ನಮ್ಮ ಪರದೆಯ ಮೇಲೂ ಕನ್ನಡದಲ್ಲಿ ಬರಲಿ. ಅಂದು ನಮ್ಮ ಮನೆಯ ಟಿವಿಯಲ್ಲಿ ಬಂದದ್ದು ಇಂಗ್ಲಿಷಿನ ಎರಡು ಸಾಲು. ಅದನ್ನು ಓದಲಾಗದ ಅತ್ತೆಯವರು ಟಿವಿ ಕೆಟ್ಟಿದೆ ಎಂದೇ ಮೂರು ದಿನ ಸುಮ್ಮನಿದ್ದರು.

– ಒಬ್ಬ ಓದುಗ, ತೀರ್ಥಹಳ್ಳಿ