ಗ್ಯಾರೇಜ್ ಗುರುಗಳ ವಿದ್ಯೆ ದಾಖಲಾಗಲಿ
ಮಾನ್ಯರೇ,

ಹಳೆಯ ಜಾವಾ, ಯೆಜ್ಡಿ ಮೋಟಾರ್‌ಸೈಕಲ್‌ಗಳಿಗೆ ಮರುಜೀವ ಕೊಡಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಬೆಂಗಳೂರಿನಲ್ಲಿ ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದು, ಎಲ್ಲಿಯೂ ಬರೆದಿಡದ ಅವರ ವಿದ್ಯೆಯೂ ಜೊತೆಯಲ್ಲೇ ಅಳಿಯುತ್ತಿದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಬಿಡಿಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆಯುತ್ತಿದ್ದ ನಮ್ಮಂಥವರಿಗೆ, ಇತ್ತೀಚೆಗೆ ತೀರಿಕೊಂಡ ನನ್ನ ಗುರುಗಳು ತಮ್ಮ ಹಳೆಯ ಬಿಸ್ಕತ್ತಿನ ಡಬ್ಬಿಗಳಿಂದ ಬೇಕಾದುದನ್ನು ಹುಡುಕಿ ಕೊಟ್ಟು, ಪಾಯಿಂಟ್ (ಎಂಜಿನ್‌ಗೆ ಸರಿಯಾದ ಹೊತ್ತಿಗೆ ಕಿಡಿ ಕೊಡಿಸುವ ಭಾಗ) ಸೆಟ್ ಮಾಡುವುದನ್ನು ನಾವೇ ಕಲಿಯುವ ತನಕ ಪಕ್ಕದಲ್ಲಿ ಕೂತಿರುತ್ತಿದ್ದರೇ ಹೊರತು ಹಣದ ಮಾತೆತ್ತಿದವರಲ್ಲ. ಕಿಕ್ಕರ್ರೇ ಗೇರ್ ಲಿವರ್ ಆಗುವ, ಗೇರ್ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುವ ಈ ಬೈಕಿನ ಹೊಂದಾಣಿಕೆ ಕೈಪಿಡಿ ಓದಿ ಬರುವಂಥದ್ದಲ್ಲ. ನನಗಂತೂ ಮೂರು ಭಾನುವಾರ ಹಿಡಿಯಿತು.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಆಚರಿಸುವ ನಗರದ ಸವಾರರು ಮೆರವಣಿಗೆಗಷ್ಟೇ ತೃಪ್ತರಾಗದೆ, ಉಳಿದಿರುವ ಹಿರಿಯರ ಕೈಕೆಲಸವನ್ನು ಕನ್ನಡದ ವಿವರಣೆಯೊಂದಿಗೆ ವಿಡಿಯೊ ಮಾಡಿಡಬೇಕು. ಸರ್ಕಾರಿ ಐಟಿಐಗಳೂ ಗೌರವಧನ ನೀಡಿ ಅವರನ್ನು ಅತಿಥಿ ಬೋಧಕರಾಗಿ ಕರೆಸಿಕೊಳ್ಳಲಿ.

– ಓದುಗ, ವಿಲ್ಸನ್ ಗಾರ್ಡನ್, ಬೆಂಗಳೂರು